ಕುಕ್ಕರಹಳ್ಳಿಯ ನಡಿಗೆ ಇಟಾಸ್ಕಾದ ಹಿಮಕ್ಕೆ ಸಾಲುತ್ತದೆಯೇ?

ಪ್ರಶ್ನೆ: ನನಗೆ 58, ನಮ್ಮ ಯಜಮಾನರಿಗೆ 64. ಮೈಸೂರಿನ ಸರಸ್ವತೀಪುರಂನಲ್ಲಿದ್ದೇವೆ. ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕುತ್ತೇವೆ, ತಿಂಗಳಿಗೆರಡು ಸಲ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತೇವೆ. ಜನವರಿಯಲ್ಲಿ ಮಿನಿಯಾಪೊಲಿಸ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಇಟಾಸ್ಕಾ ಎಂಬ ಕಾಡಿನ ಪಾರ್ಕಿಗೆ ಕರೆದುಕೊಂಡು ಹೋಗಿ, ಕೆರೆ ದಂಡೆಯಲ್ಲಿ ಸ್ನೋಶೂ (ಹಿಮದಲ್ಲಿ ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲವಾದ ಚೌಕಟ್ಟು) ಹಾಕಿಸಿ ನಡೆಸುತ್ತೇನೆ ಅನ್ನುತ್ತಾನೆ. ಯಜಮಾನರಿಗೆ ಬಲಮಂಡಿ ನೋವಿದೆ. ಇಬ್ಬರೂ ಹಿಮ ಮುಟ್ಟಿದವರಲ್ಲ. ನಮ್ಮ ಕೈಲಾಗುತ್ತದೆಯೇ? ಇಲ್ಲಿಂದ ಏನು ಕೊಂಡೊಯ್ಯಬೇಕು, ಏನು ಅಭ್ಯಾಸ ಮಾಡಬೇಕು?

ಉತ್ತರ: ಧಾರಾಳವಾಗಿ ಆಗುತ್ತದೆ. ದಿನಾ ಕೆರೆ ಸುತ್ತುವ, ಸಾವಿರ ಮೆಟ್ಟಿಲು ಹತ್ತುವ ಕಾಲಿಗೆ ಶಕ್ತಿಯ ಚಿಂತೆಯಿಲ್ಲ. ಆದರೆ ಕುಕ್ಕರಹಳ್ಳಿಯಲ್ಲಿ ರೂಢಿಯಾದ ಒಂದು ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಬೇಕು. ಅದು ಬೆವರು ಕಿತ್ತುಕೊಂಡು ಬರುವ ಹಾಗೆ ಬಿರುಸಾಗಿ ನಡೆಯುವುದು. ಇಲ್ಲಿ ಬೆವರಿದರೇ ವಾಕಿಂಗ್ ಸಾರ್ಥಕ. ಅಲ್ಲಿ ಬೆವರಿದರೆ ಅಪಾಯ. ಮೈನಸ್ 15 ಡಿಗ್ರಿಯಲ್ಲಿ ನಡೆಯುತ್ತಿರುವವರೆಗೆ ಮೈ ಬೆಚ್ಚಗೇ ಇರುತ್ತದೆ. ಫೋಟೋ ತೆಗೆಯಲೆಂದು ಐದು ನಿಮಿಷ ನಿಂತಿರೋ, ಒದ್ದೆಯಾದ ಒಳಬಟ್ಟೆ ಮೈಯ ಶಾಖವನ್ನೆಲ್ಲ ಹೀರಿಕೊಳ್ಳಲು ಶುರುಮಾಡುತ್ತದೆ. ಗಾಳಿಗಿಂತ ನೀರು ಶಾಖವನ್ನು ಸುಮಾರು 25 ಪಟ್ಟು ಬೇಗ ಸಾಗಿಸುತ್ತದೆ. ಹೊರಗಿನ ಚಳಿಗಿಂತ ಒಳಗಿನ ಒದ್ದೆಯಿಂದ ತೊಂದರೆಗೆ ಸಿಕ್ಕಿದವರೇ ಹೆಚ್ಚು.

ಜಾಗ ಎಂಥದ್ದು ಅಂತ ಎರಡು ಮಾತು. ಇಟಾಸ್ಕಾ ಮಿನ್ನೆಸೋಟ ರಾಜ್ಯದ ಅತಿ ಹಳೆಯ ರಾಜ್ಯ ಉದ್ಯಾನ, 1891ರದು. ವಿಸ್ತೀರ್ಣ ಸುಮಾರು 130 ಚದರ ಕಿ.ಮೀ. ಕನ್ನಂಬಾಡಿ ಕಟ್ಟೆ ತುಂಬಿದಾಗ ನೀರು ಎಷ್ಟು ಹರಡುತ್ತದೋ ಹೆಚ್ಚುಕಡಿಮೆ ಅಷ್ಟು ಜಾಗ ಅಂದುಕೊಳ್ಳಿ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕೆರೆಗಳು, ಸುತ್ತ ಇನ್ನೂರು ವರ್ಷ ದಾಟಿದ ಪೈನ್ ಮರಗಳು. ಇಟಾಸ್ಕಾ ಕೆರೆಯ ಉತ್ತರದ ತುದಿಯಿಂದ ಹರಿಯುವ ತೊರೆಯೇ ಮಿಸಿಸಿಪ್ಪಿ ನದಿಯ ಹುಟ್ಟು. ತಲಕಾವೇರಿ ಕಂಡವರಿಗೆ ಅದು ಅಷ್ಟು ಸಣ್ಣದಾಗಿರುವುದರಲ್ಲಿ ಆಶ್ಚರ್ಯವೇನೂ ಕಾಣದು. ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ, ರಸ್ತೆಯಲ್ಲಿ ಹಿಮ ಬಿದ್ದಿದ್ದರೆ ಇನ್ನೂ ಹೆಚ್ಚು. ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಬೇಡ. ಜನವರಿಯಲ್ಲಿ ಅಲ್ಲಿ ಬೆಳಗಾಗುವುದು ಎಂಟರ ಸುಮಾರಿಗೆ, ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಹಿಂದಿನ ರಾತ್ರಿ ಹತ್ತಿರದ ಪಾರ್ಕ್ ರ್‍ಯಾಪಿಡ್ಸ್ ಊರಿನಲ್ಲಿ ಉಳಿದುಕೊಂಡರೆ ಹತ್ತೂವರೆಗೆ ನಡಿಗೆ ಶುರುಮಾಡಬಹುದು. ಬೆಳಗಿನ ಜಾವ ಮೈನಸ್ 20 ಅಲ್ಲಿ ಮಾಮೂಲು, ಮೈನಸ್ 30 ಆಗುವ ದಿನಗಳೂ ಉಂಟು. ನಡು ಮಧ್ಯಾಹ್ನ ಮೈನಸ್ 10ರ ಆಸುಪಾಸು ಸಿಕ್ಕಿದರೆ ಅದೇ ಒಳ್ಳೆಯ ದಿನ.

ಈಗ ಬಟ್ಟೆ. ಮೂರು ಪದರ ಸಾಕು. ಮೈಗೆ ಅಂಟಿಕೊಂಡಿರುವ ಮೊದಲ ಪದರ ತೆಳ್ಳಗಿನ ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಆದ ಥರ್ಮಲ್, ಮೇಲಿಗೂ ಕಾಲಿಗೂ. ಬೆವರನ್ನು ಹೊರಕ್ಕೆ ದಾಟಿಸುವುದು ಅದರ ಕೆಲಸ. ಎರಡನೆಯದು ಫ್ಲೀಸ್ ಎಂಬ ಮೆತ್ತನೆಯ ಸಿಂಥೆಟಿಕ್ ಬಟ್ಟೆಯದು, ಬೆಚ್ಚನೆಯ ಗಾಳಿಯನ್ನು ಹಿಡಿದಿಡಲು. ಮೂರನೆಯದು ಗಾಳಿ ನುಗ್ಗದ, ಹಿಮ ಅಂಟದ ತೆಳು ಜಾಕೆಟ್ಟು ಮತ್ತು ಪ್ಯಾಂಟು. ಹತ್ತಿಯ ಒಂದು ಎಳೆಯೂ ಒಳಗೆ ಬೇಡ. ಥರ್ಮಲ್ಲಿನ ಒಳಗೆ ರೂಢಿಯ ಬನಿಯನ್ನು ಹಾಕಿಕೊಳ್ಳುವುದು ನಮ್ಮ ಗಂಡಸರು ಮಾಡುವ ಮೊದಲ ತಪ್ಪು. ಅದು ಬೆವರು ಹೀರಿಕೊಂಡು ದಿನವಿಡೀ ಒದ್ದೆಯಾಗಿ ಕೂರುತ್ತದೆ, ಮೇಲಿನ ದುಬಾರಿ ಥರ್ಮಲ್ ಇದ್ದೂ ಇಲ್ಲದಂತೆ. ಕಾಟನ್ ಚೂಡಿದಾರ್, ಜೀನ್ಸ್‌ಗೂ ಇದೇ ಮಾತು. ಕುರಿ ಕಾಯುವವರು ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಳ್ಳುವುದನ್ನು ನೋಡಿದ್ದೀರಲ್ಲ, ಉಣ್ಣೆ ತೊಯ್ದರೂ ಒಂದಿಷ್ಟು ಶಾಖ ಉಳಿಸಿಕೊಳ್ಳುತ್ತದೆ. ಹತ್ತಿಗೆ ಆ ಗುಣವಿಲ್ಲ.

ಇದಲ್ಲದೆ ಒಂದು ದಪ್ಪನೆಯ ಜಾಕೆಟ್ಟು ಬೇಕು, ಆದರೆ ಅದು ಇರಬೇಕಾದ್ದು ಬ್ಯಾಗಿನಲ್ಲಿ. ನಡೆಯುವಾಗ ತೊಡುವುದಲ್ಲ, ನಿಂತ ಕೂಡಲೇ, ಚಳಿ ಅನ್ನಿಸುವುದಕ್ಕೆ ಮುಂಚೆಯೇ, ಎಲ್ಲದರ ಮೇಲೆ ಹಾಕಿಕೊಳ್ಳುವುದು. ಕಾರಿನಿಂದ ಇಳಿದು ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಹಾಯಾಗಿ ಬೆಚ್ಚಗಿದ್ದರೆ ಒಂದು ಪದರ ಜಾಸ್ತಿಯಾಗಿದೆ ಎಂದರ್ಥ. ಹತ್ತು ನಿಮಿಷ ನಡೆದು ನಿಲ್ಲಿ. ಕತ್ತಿನ ಹಿಂಭಾಗಕ್ಕೆ ಬೆರಳು ಹಾಕಿ ನೋಡಿ. ಪಸೆ ತಾಗಿದರೆ ಜಿಪ್ ಇಳಿಸಿ, ಇಲ್ಲವೇ ಟೋಪಿ ತೆಗೆಯಿರಿ. ಮಗ "ಹಾಕ್ಕೊಳ್ಳಮ್ಮ, ಚಳಿ" ಅಂತ ಹೊದಿಸುತ್ತಲೇ ಇರುತ್ತಾನೆ, ಅವನ ಮಾತಿಗಿಂತ ನಿಮ್ಮ ಕತ್ತಿನ ಮಾತು ಕೇಳಿ.

ಮೈಸೂರಿನಿಂದ ಕೊಂಡೊಯ್ಯಬೇಕಾದ್ದು ಕಡಿಮೆ. ಒಬ್ಬೊಬ್ಬರಿಗೆ ಎರಡು ಜೊತೆ ಥರ್ಮಲ್, ಮೂರು ಜೊತೆ ಉಣ್ಣೆಯ ಕಾಲುಚೀಲ, ಒಂದು ಮಂಕಿ ಕ್ಯಾಪು. ಹೌದು, ನಗಬೇಡಿ, ಡಿಸೆಂಬರಿನಲ್ಲಿ ಮನೆಮನೆಯಲ್ಲೂ ಹೊರಬರುವ ಅದೇ ಮಂಕಿ ಕ್ಯಾಪು. ಕಿವಿ, ಕೆನ್ನೆ, ಗದ್ದ ಮೂರನ್ನೂ ಮುಚ್ಚುವುದಕ್ಕೆ ಅದಕ್ಕಿಂತ ಸಲೀಸಾದದ್ದಿಲ್ಲ. ಅಪ್ಪಟ ಉಣ್ಣೆಯದಾಗಿರಲಿ. ಬಾಯಿಯ ಮೇಲೆ ಎಳೆದುಕೊಂಡರೆ ಉಸಿರಿನ ಪಸೆ ಅಲ್ಲಿ ಹೆಪ್ಪುಗಟ್ಟುತ್ತದೆ, ಆದ್ದರಿಂದ ಎರಡಿದ್ದರೆ ಒಳ್ಳೆಯದು. ಬೂಟನ್ನು ಮಾತ್ರ ಇಲ್ಲಿ ಕೊಳ್ಳಬೇಡಿ. ಅಷ್ಟು ಚಳಿಗೆಂದೇ ಒಳಗೆ ಅಸ್ತರಿ ಕೊಟ್ಟು, ನೀರು ಇಳಿಯದಂತೆ ಮಾಡಿದ ಬೂಟು ಅಲ್ಲೇ ಸಿಗುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಬೆರಳು ಆಡಿಸಲು ಜಾಗವಿರಬೇಕು. ಚಳಿಯೆಂದು ಎರಡೆರಡು ಕಾಲುಚೀಲ ತುರುಕಿದರೆ ಕಾಲು ಬಿಗಿದು ರಕ್ತ ಓಡದೆ ಇನ್ನಷ್ಟು ತಣ್ಣಗಾಗುತ್ತದೆ. ಕೈಗೆ ಬೆರಳು ಬೆರಳಿಗೂ ಬೇರೆ ಗೂಡಿರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ವಾಸಿ, ಒಳಗೆ ತೆಳು ಗ್ಲೌಸಿರಲಿ. ಕೈ ಬಿಸಿ ಮಾಡುವ ಪುಟ್ಟ ಪೊಟ್ಟಣಗಳು ಅಲ್ಲಿ ಅಗ್ಗವಾಗಿ ಸಿಗುತ್ತವೆ. ಒಳಗಿನ ಕಬ್ಬಿಣದ ಪುಡಿ ಗಾಳಿ ಸೋಕಿ ತುಕ್ಕು ಹಿಡಿಯುವಾಗ ಶಾಖ ಬರುತ್ತದೆ. ಆದ್ದರಿಂದ ಹೊರಡುವ ಹತ್ತು-ಹದಿನೈದು ನಿಮಿಷ ಮೊದಲೇ ಕವರು ಹರಿಯಬೇಕು. ಚರ್ಮಕ್ಕೆ ನೇರವಾಗಿ ತಾಗಿಸಬಾರದು.

ಸ್ನೋಶೂ ಬಾಡಿಗೆಗೆ ತೆಗೆದುಕೊಳ್ಳಿ. ಪಾರ್ಕಿನ ಸಂದರ್ಶಕರ ಕೇಂದ್ರದಲ್ಲೇ ಸಿಗುತ್ತದೆ. ವಾರಾಂತ್ಯದಲ್ಲಿ ಜೋಡಿಗಳು ಬೇಗ ಖಾಲಿಯಾಗುತ್ತವೆ, ಮಗ ಮೊದಲೇ ಫೋನು ಮಾಡಿ ಕೇಳಲಿ. ಇದೊಂದು ಉಪಾಯದ ವಸ್ತು, ಅಷ್ಟೆ. ದೇಹದ ಭಾರವನ್ನು ಅಗಲವಾದ ಜಾಗಕ್ಕೆ ಹಂಚಿ ಕಾಲು ಹೂತುಹೋಗದಂತೆ ನೋಡಿಕೊಳ್ಳುತ್ತದೆ. ಆ ಕೆರೆಗಳ ಸುತ್ತ ತಲೆತಲಾಂತರದಿಂದ ಬಾಳಿದ ಒಜಿಬ್ವೆ ಎಂಬ ಮೂಲನಿವಾಸಿ ಜನ ಮರದ ಚೌಕಟ್ಟಿಗೆ ಹಸಿ ತೊಗಲಿನ ದಾರ ಹೆಣೆದು ಮಾಡುತ್ತಿದ್ದದ್ದು ಇದನ್ನೇ. ಈಗಿನದರಲ್ಲಿ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಬಿಗಿದ ಪ್ಲಾಸ್ಟಿಕ್ ಹಾಳೆ, ನಡುವೆ ಕಾಲು ಕಟ್ಟುವ ಪಟ್ಟಿ, ಅಡಿಯಲ್ಲಿ ಉಕ್ಕಿನ ಹಲ್ಲು. ಅಳತೆ ನೋಡುವುದು ಪಾದದಿಂದಲ್ಲ, ತೂಕದಿಂದ. ಬಟ್ಟೆ, ಬೂಟು, ಬ್ಯಾಗು ಎಲ್ಲ ಸೇರಿ 65-70 ಕೆ.ಜಿ. ಒಳಗಿದ್ದರೆ 21-22 ಅಂಗುಲದ್ದು, 90ರ ಒಳಗೆ 25 ಅಂಗುಲದ್ದು, ಅದಕ್ಕೂ ಮೇಲೆ 30. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಇರುತ್ತದೆ. ಇದ್ದುದರಲ್ಲಿ ಚಿಕ್ಕದನ್ನೇ ಆರಿಸಿ. ತುಳಿದು ಗಟ್ಟಿಯಾದ ಜಾಡಿನಲ್ಲಿ ದೊಡ್ಡದು ಬರೀ ಹೊರೆ, ಮಂಡಿಗೆ ಶಿಕ್ಷೆ.

ಕಟ್ಟಿಕೊಳ್ಳುವುದನ್ನು ಸರಿಯಾಗಿ ಕಲಿತರೆ ಅರ್ಧ ಕಷ್ಟ ತಪ್ಪಿತು. ಸ್ನೋಶೂ ಸಮತಟ್ಟಾದ ಜಾಗದಲ್ಲಿಡಿ. ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಕೋಲಿನಿಂದ ತಟ್ಟಿ ಉದುರಿಸಿ, ಇಲ್ಲದಿದ್ದರೆ ನಡುವೆ ಗಡ್ಡೆಗಟ್ಟಿ ಪಟ್ಟಿ ಸಡಿಲವಾಗುತ್ತದೆ. ಕಾಲಿಟ್ಟಾಗ ಹೆಬ್ಬೆರಳ ಬುಡದ ಉಬ್ಬು ಸರಿಯಾಗಿ ಪಟ್ಟಿಯ ಕೆಳಗಿನ ತಿರುಗುವ ಕೀಲಿನ ಮೇಲೆ ಕೂರಬೇಕು. ಮುಂದಕ್ಕೆ ಹೋದರೆ ಬೂಟಿನ ತುದಿ ಹಾಳೆಗೆ ತಗುಲಿ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತೀರಿ. ಮೊದಲು ಮುಂದಿನ ಪಟ್ಟಿ, ಆಮೇಲೆ ಮೇಲಿನದು, ಕೊನೆಗೆ ಹಿಮ್ಮಡಿಯದು. ಹಿಮ್ಮಡಿ ಮಾತ್ರ ಎತ್ತಿದರೆ ಏಳುತ್ತಿರಬೇಕು, ಹವಾಯಿ ಚಪ್ಪಲಿ ಹಾಕಿ ನಡೆದ ಹಾಗೆ. ಪಟ್ಟಿಯ ಉಳಿದ ಬಾಲ ಹೊರಬದಿಗೆ ಬರಬೇಕು. ಒಳಬದಿಗೆ ಬಂದರೆ ಎಡಬಲ ಅದಲುಬದಲಾಗಿದೆ. ನೂರು ಹೆಜ್ಜೆ ನಡೆದು ಮತ್ತೊಮ್ಮೆ ಬಿಗಿಯಿರಿ, ಚಳಿಗೆ ಪಟ್ಟಿ ಗಡುಸಾಗಿ ಸಡಿಲುತ್ತದೆ. ಜೇಬಿನಲ್ಲಿ ನಾಲ್ಕು ಜಿಪ್ ಟೈ (ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ) ಇಟ್ಟುಕೊಳ್ಳಿ. ಕಾಡಿನ ನಡುವೆ ಪಟ್ಟಿ ಕಿತ್ತುಹೋದರೆ ಅದೇ ಆಧಾರ, ಸ್ನೋಶೂ ಇಲ್ಲದೆ ಮೆತ್ತನೆಯ ಹಿಮದಲ್ಲಿ ಅರ್ಧ ಕಿ.ಮೀ. ವಾಪಸು ಬರುವುದೂ ಸಾಕುಸಾಕಾಗುತ್ತದೆ.

ಹೆಜ್ಜೆ ಒಂದು ಗೇಣು ಅಗಲಿಸಿ ಇಡಿ. ಒಂದು ಸ್ನೋಶೂವಿನ ಅಂಚನ್ನು ಇನ್ನೊಂದು ತುಳಿದರೆ ಬೀಳುವುದು ಖಂಡಿತ, ಹೊಸಬರು ಬೀಳುವುದೆಲ್ಲ ಹೀಗೇ. ಹಿಂದಕ್ಕೆ ನಡೆಯಲು ಹೋಗಬೇಡಿ, ಬಾಲ ಹಿಮದಲ್ಲಿ ನೆಟ್ಟುಕೊಂಡು ಕೂತುಬಿಡುತ್ತೀರಿ. ತಿರುಗಬೇಕಾದರೆ ಎತ್ತಿನ ಗಾಡಿ ತಿರುಗಿಸುವ ಹಾಗೆ ದೊಡ್ಡ ಸುತ್ತು ಹಾಕಿ. ಏರಿನಲ್ಲಿ ಮುಂಗಾಲನ್ನು ಹಿಮಕ್ಕೆ ಒದ್ದು ಹಲ್ಲು ಕಚ್ಚಿಸಿ ಹತ್ತಬೇಕು. ಇಳಿಜಾರಿನಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ ಭಾರ ಹಿಮ್ಮಡಿಗೆ ಬಿಟ್ಟು ಸಣ್ಣ ಹೆಜ್ಜೆ. ಎರಡೂ ಕೈಗೆ ಕೋಲು ಬೇಕೇ ಬೇಕು. ತುದಿಯಲ್ಲಿ ಅಗಲವಾದ ಚಕ್ರವಿರುವಂಥದ್ದು, ಮೊಣಕೈ ಲಂಬಕೋನದಲ್ಲಿ ಮಡಿಚುವಷ್ಟು ಎತ್ತರದ್ದು. ಬಿದ್ದರೆ ಗಾಬರಿ ಬೇಡ, ಹಿಮ ಮೆತ್ತಗಿದೆ. ಕೈಯೂರಿ ಏಳಲು ಹೋದರೆ ಮಾತ್ರ ಕೈ ಭುಜದವರೆಗೆ ಇಳಿದುಹೋಗುತ್ತದೆ. ಎರಡು ಕೋಲನ್ನೂ ಅಡ್ಡಡ್ಡವಾಗಿ ಹಿಮದ ಮೇಲೆ ಮಲಗಿಸಿ, ಬೋರಲಾಗಿ ಹೊರಳಿ, ಕೋಲಿನ ಮೇಲೆ ಅಂಗೈ ಊರಿ ಮಂಡಿಯ ಮೇಲೆ ಏಳಿ.

ವೇಗದ ಲೆಕ್ಕ ಬೇರೆಯೇ ಇದೆ. ತುಳಿದ ಜಾಡಿನಲ್ಲಿ ಗಂಟೆಗೆ ಮೂರು ಕಿ.ಮೀ. ಬಂದರೆ ಹೆಚ್ಚು. ಹೊಸ ಹಿಮದಲ್ಲಿ ಒಂದೂವರೆ. ಕುಕ್ಕರಹಳ್ಳಿಯ ಒಂದು ಸುತ್ತು ಮುಗಿಸುವ ಹೊತ್ತಿಗೆ ಅಲ್ಲಿ ಅದರ ಅರ್ಧ ದೂರ ಹೋಗಿರುತ್ತೀರಿ, ದಣಿವು ಮಾತ್ರ ಅಷ್ಟೇ ಆಗಿರುತ್ತದೆ. ಹೊಸ ಹಿಮದಲ್ಲಿ ಮುಂದೆ ನಡೆಯುವವರಿಗೇ ಎಲ್ಲ ಶ್ರಮ, ಹಿಂದಿನವರಿಗೆ ಸಿದ್ಧ ದಾರಿ. ಮಗ ಮುಂದಿರಲಿ.

ಅಭ್ಯಾಸಕ್ಕೆ ಕೆರೆ ಏರಿ ಸಾಲದು. ಗಟ್ಟಿ ನೆಲದಲ್ಲಿ ಪಳಗಿದ ಕಾಲಿಗೆ ಹೂಳುವ ನೆಲ ಹೊಸದು. ಹಿಮಕ್ಕೆ ನಮ್ಮ ಸೀಮೆಯಲ್ಲಿ ಹತ್ತಿರದ ಗುರು ತಲಕಾಡಿನ ಮರಳು. ಹೊರಡುವ ಮುಂಚಿನ ತಿಂಗಳಲ್ಲಿ ಮೂರ್ನಾಲ್ಕು ಭಾನುವಾರ ಬೆಳಗ್ಗೆ ತಿ. ನರಸೀಪುರದ ಮೇಲೆ ತಲಕಾಡಿಗೆ ಹೋಗಿ, ಗುಡಿಗಳ ನಡುವಿನ ಮರಳು ದಿಬ್ಬಗಳಲ್ಲಿ ಒಂದು ಗಂಟೆ ನಡೆಯಿರಿ. ಬಿಸಿಲೇರುವ ಮುನ್ನ ಮುಗಿಸಿ. ಹಿಮ್ಮಡಿ ಜಾರುವುದು, ಮಂಡಿಯನ್ನು ಎಂದಿಗಿಂತ ಮೇಲೆತ್ತಬೇಕಾಗುವುದು, ತೊಡೆಸಂದಿ ಸೋಲುವುದು, ಎಲ್ಲ ಅಲ್ಲಿ ಗೊತ್ತಾಗುತ್ತದೆ. ಬೇಕೆಂದೇ ಕಾಲಗಲಿಸಿ ನಡೆದು ನೋಡಿ. ಮಾರನೆಯ ದಿನ ತೊಡೆಯ ಒಳಬದಿ ನೋಯುತ್ತದಲ್ಲ, ಹಿಮದಲ್ಲಿ ಕೆಲಸ ಮಾಡುವ ಸ್ನಾಯು ಅದೇ. ವಾರದ ದಿನಗಳಲ್ಲಿ ಮನೆಯಲ್ಲೇ ಗೋಡೆ ಹಿಡಿದು ಪಕ್ಕಕ್ಕೆ ಹೆಜ್ಜೆ, ಮಂಡಿ ಸೊಂಟದೆತ್ತರಕ್ಕೆ ಎತ್ತುವುದು, ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದು, ತಲಾ ಹದಿನೈದರಂತೆ ಎರಡು ಸಲ.

ಯಜಮಾನರ ಮಂಡಿಯ ಬಗ್ಗೆ. ಹಿಮದ ನಡಿಗೆ ಮಂಡಿಗೆ ಸಿಮೆಂಟು ರಸ್ತೆಗಿಂತ ಮೆತ್ತಗೆ, ಬೆಟ್ಟದ ಮೆಟ್ಟಿಲು ಇಳಿಯುವುದಕ್ಕಿಂತಲಂತೂ ಎಷ್ಟೋ ಮೆತ್ತಗೆ. ಅಪಾಯವಿರುವುದು ತಿರುಗುವಾಗ. ಪಾದಕ್ಕೆ ಅಗಲವಾದ ಹಲಗೆ ಕಟ್ಟಿರುತ್ತದೆ, ಅದು ಹಿಮದಲ್ಲಿ ಕಚ್ಚಿಕೊಂಡಿರುವಾಗ ಮೈ ಮಾತ್ರ ತಿರುಗಿಸಿದರೆ ತಿರುಚುವ ಬಲವೆಲ್ಲ ಮಂಡಿಗೇ ಬೀಳುತ್ತದೆ. ಯಾರಾದರೂ ಹಿಂದಿನಿಂದ ಕೂಗಿದರೆ ಥಟ್ಟನೆ ತಿರುಗಿ ನೋಡುವ ಅಭ್ಯಾಸ ಬಿಡಬೇಕು, ಕಾಲೆತ್ತಿಯೇ ತಿರುಗಬೇಕು. ಮಂಡಿಗೆ ಕಟ್ಟುವ ಪಟ್ಟಿ ಬಿಗಿಯಾಗಿದ್ದರೆ ಕೆಳಗಿನ ಪಾದ ತಣ್ಣಗಾಗುತ್ತದೆ, ಸ್ವಲ್ಪ ಸಡಿಲವಾಗಿಯೇ ಇರಲಿ. ಬೆಟ್ಟಕ್ಕೂ ಹೊರಡುವವರೆಗೆ ಮೆಟ್ಟಿಲು ಹತ್ತಿ ಹೋಗಿ, ಇಳಿಯುವುದು ಬಸ್ಸಿನಲ್ಲಿ. ಎದೆನೋವು, ಉಬ್ಬಸ, ಬಿ.ಪಿ. ಏನಾದರೂ ಇದ್ದರೆ ಮೈನಸ್ ಚಳಿಯಲ್ಲಿ ಏರು ಹತ್ತುವ ವಿಚಾರವನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಒಣ ಚಳಿಗಾಳಿ ಉಸಿರ್ನಾಳವನ್ನೂ ರಕ್ತನಾಳವನ್ನೂ ಬಿಗಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬ್ಯಾಗಿನಲ್ಲಿಡದೆ ಒಳಜೇಬಿನಲ್ಲಿಡಬೇಕು, ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಉಪಯೋಗಕ್ಕೆ ಬಾರದು.

ದಾರಿಗಳಲ್ಲಿ ನಿಮಗೆ ಹೇಳಿಮಾಡಿಸಿದಂಥದ್ದು ಪಾರ್ಕಿನೊಳಗಿನ ಡಗ್ಲಸ್ ಲಾಡ್ಜ್ ಎಂಬ ವಸತಿಗೃಹದ ಹತ್ತಿರದಿಂದ ಹೊರಡುವ ಡಾಕ್ಟರ್ ರಾಬರ್ಟ್ಸ್ ಜಾಡು. ಸುತ್ತು ಹೊಡೆದು ಅಲ್ಲಿಗೇ ಬರುತ್ತದೆ, ಒಟ್ಟು ಎರಡು ಮೈಲಿ, ಅಂದರೆ ಮೂರು ಕಾಲು ಕಿ.ಮೀ. ನಿಮ್ಮ ಹೆಜ್ಜೆಗೆ ಎರಡು ಗಂಟೆ ಇಟ್ಟುಕೊಳ್ಳಿ. ದಾರಿಯಲ್ಲಿ 1934ರಲ್ಲಿ ಕಟ್ಟಿದ ಮರದ ಮನೆಯೊಂದು ಸಿಗುತ್ತದೆ. ಗೋಡೆಯ ಎತ್ತರಕ್ಕೆ ನಾಲ್ಕೇ ದಿಮ್ಮಿ, ಅಷ್ಟು ದಪ್ಪ. ಹತ್ತಿರ ನಿಂತು ಕೈಯಗಲಿಸಿ ನೋಡಿದರೆ ಆ ಕಾಡು ಹಿಂದೆ ಹೇಗಿದ್ದಿರಬೇಕು ಎಂದು ತಿಳಿಯುತ್ತದೆ. ಹೊರಡುವ ಮುನ್ನ ಯಾವ ಜಾಡು ತುಳಿದು ಗಟ್ಟಿಯಾಗಿದೆ ಎಂದು ಕೇಂದ್ರದಲ್ಲಿ ಕೇಳಿ. ಕಾರಿಗೆ ಪಾರ್ಕಿನ ಪರವಾನಗಿ ಚೀಟಿ ಬೇಕು. ಸ್ಕೀ ಮಾಡುವವರಿಗೆಂದು ಯಂತ್ರದಿಂದ ನಯಮಾಡಿದ ದಾರಿಗೆ ಮಾತ್ರ ಸ್ನೋಶೂ ಇಡಬೇಡಿ. ನೀವು ತುಳಿದ ಗುಳಿ ರಾತ್ರಿ ಕಲ್ಲಾಗುತ್ತದೆ, ಮರುದಿನ ವೇಗವಾಗಿ ಜಾರಿ ಬರುವವರು ಅದಕ್ಕೆ ಸಿಕ್ಕಿ ಬೀಳುತ್ತಾರೆ. ನಾಟಿ ಮಾಡಿದ ಗದ್ದೆಯಲ್ಲಿ ನಡೆದಷ್ಟೇ ತಪ್ಪು ಅದು.

ಇನ್ನು ಕೆರೆ. ಬಿಳಿ ಹಾಸಿದ ಬಯಲಿನಂತೆ ಕಾಣುತ್ತದೆ, ಜನ ಅದರ ಮೇಲೆ ಕೂತು ಮೀನು ಹಿಡಿಯುತ್ತಿರುತ್ತಾರೆ, ನಮಗೂ ಹೋಗಿಬಿಡೋಣ ಅನ್ನಿಸುತ್ತದೆ. ನಡೆಯಲು ಕನಿಷ್ಠ ನಾಲ್ಕು ಅಂಗುಲ ದಪ್ಪದ, ಹೊಸದಾಗಿ ಕಟ್ಟಿದ ಪಾರದರ್ಶಕ ಮಂಜುಗಡ್ಡೆ ಇರಬೇಕು ಎಂಬುದು ಮಿನ್ನೆಸೋಟದವರ ಲೆಕ್ಕ. ಹಿಮ ಬೆರೆತ ಬಿಳಿ ಮಂಜುಗಡ್ಡೆಯಾದರೆ ಅದರ ಎರಡರಷ್ಟು. ಮೇಲೆ ಹಿಮ ಮುಚ್ಚಿದ್ದರೆ ಕಂಬಳಿ ಹೊದಿಸಿದಂತೆ, ಕೆಳಗಿನ ಗಡ್ಡೆ ಬೇಗ ದಪ್ಪವಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನೀರು ಹರಿದು ಹೊರಹೋಗುವ ಕಡೆ ಎಲ್ಲಕ್ಕಿಂತ ತೆಳು. ನೀವು ನೋಡಲು ಹೋಗುವ ಮಿಸಿಸಿಪ್ಪಿಯ ಹುಟ್ಟು ಇರುವುದು ಸರಿಯಾಗಿ ಅಂಥ ಜಾಗದಲ್ಲೇ. ಬೇಸಿಗೆಯಲ್ಲಿ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನದಿ ದಾಟುತ್ತಾರೆ. ಜನವರಿಯಲ್ಲಿ ಆ ಕಲ್ಲುಗಳ ಮೇಲೆ ಗಾಜಿನಂಥ ಪದರ ಕಟ್ಟಿರುತ್ತದೆ. ದಂಡೆಯಲ್ಲೇ ನಿಂತು ನೋಡಿ. ಕಾಲಿಗೆ ಸ್ನೋಶೂ ಬಿಗಿದುಕೊಂಡು ನೀರಿಗೆ ಬಿದ್ದರೆ ಈಜು ಬಂದವರಿಗೂ ಕಷ್ಟ.

ಬ್ಯಾಗಿಗೆ ಫ್ಲಾಸ್ಕಿನಲ್ಲಿ ಬಿಸಿನೀರು, ತಲಾ ಒಂದು ಲೀಟರ್. ಸಾದಾ ಬಾಟಲಿಯಾದರೆ ತಲೆಕೆಳಗಾಗಿಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ತೆರೆದಿರುತ್ತದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಅರ್ಧ ಗಂಟೆಗೊಮ್ಮೆ ಎರಡು ಗುಟುಕು ಕುಡಿಯಲೇಬೇಕು. ತಿನ್ನಲು ಕಡಲೆಕಾಯಿ, ಹುರಿಗಡಲೆ, ದ್ರಾಕ್ಷಿ. ಕಡಲೆ ಮಿಠಾಯಿ ಶಕ್ತಿಗೆ ಉತ್ತಮ, ಆದರೆ ಆ ಚಳಿಗೆ ಕಲ್ಲಾಗುತ್ತದೆ. ಮನೆಯಲ್ಲೇ ಪುಡಿ ಮಾಡಿ ಒಳಜೇಬಿಗೆ ಹಾಕಿಕೊಳ್ಳಿ, ಹಲ್ಲು ಉಳಿಯುತ್ತದೆ. ಮೊಬೈಲೂ ಅದೇ ಜೇಬಿನಲ್ಲಿರಲಿ, ಹೊರಗಿಟ್ಟರೆ ಅರ್ಧ ಚಾರ್ಜ್ ಇದ್ದದ್ದೂ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಬಿಸಿಲಿದ್ದರೆ ಕಪ್ಪು ಕನ್ನಡಕ ಬೇಕು. ಹೊಸ ಹಿಮ ಅತಿನೇರಳೆ ಕಿರಣದಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಕಣ್ಣಿಗೆ ಕೆಳಗಿನಿಂದಲೂ ಬಿಸಿಲು.

ಯಾವ ದಿನ ಹೋಗಬಾರದು? ಥರ್ಮಾಮೀಟರಿನ ಅಂಕಿ ಮಾತ್ರ ನೋಡಬೇಡಿ, ಗಾಳಿಯನ್ನೂ ನೋಡಿ. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 28ರಂತೆ ತಾಗುತ್ತದೆ, ಬರಿ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಮೊದಲ ಸಲದವರು ಗಾಳಿ ಸೇರಿದ ಲೆಕ್ಕ ಮೈನಸ್ 25 ದಾಟಿದರೆ ಹೋಟೆಲಿನಲ್ಲೇ ಕಾಫಿ ಕುಡಿಯುವುದು ಮೇಲು. ನಡೆಯುವಾಗ ಅರ್ಧ ಗಂಟೆಗೊಮ್ಮೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಿ. ಮೂಗಿನ ತುದಿ, ಕಿವಿ, ಕೆನ್ನೆ ಬೆಳ್ಳಗಾಗುತ್ತದೆ ಎಂದು ಅಲ್ಲಿಯವರು ಹೇಳಿಕೊಡುತ್ತಾರೆ, ಆದರೆ ನಮ್ಮ ಮೈಬಣ್ಣಕ್ಕೆ ಅದು ಬೂದಿ ಬಳಿದಂತೆ, ಮೇಣದಂತೆ ಕಾಣುತ್ತದೆ. ಜುಮ್ಮೆನ್ನುತ್ತಿದ್ದ ಕಡೆ ಇದ್ದಕ್ಕಿದ್ದಂತೆ ಏನೂ ಅನ್ನಿಸದಿದ್ದರೆ ಅದೂ ಗುರುತೇ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಬಿಸಿ ಗೊತ್ತಾಗದೆ ಸುಟ್ಟುಹೋಗುತ್ತದೆ. ಮುಖಕ್ಕೆ ಬೆಚ್ಚನೆಯ ಅಂಗೈ ಒತ್ತಿ, ಕೈಯಾದರೆ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗಿ. ಮಾತು ತೊದಲುವುದು, ಕೈಯಲ್ಲಿದ್ದದ್ದು ಜಾರುವುದು, ಸುಮ್ಮಸುಮ್ಮನೆ ಎಡವುವುದು, ಸಿಡಿಮಿಡಿಗೊಳ್ಳುವುದು, ಇಷ್ಟರಲ್ಲಿ ಎರಡು ಕಂಡರೆ ಮೈಯ ಒಳಶಾಖವೇ ಇಳಿಯುತ್ತಿದೆ. "ನನಗೇನೂ ಆಗಿಲ್ಲ" ಅನ್ನುವ ಮಾತನ್ನು ಆಗ ನಂಬಬಾರದು. ಒಣ ಬಟ್ಟೆ, ದಪ್ಪ ಜಾಕೆಟ್ಟು, ಸಿಹಿಯಾದ ಬಿಸಿ ಪಾನೀಯ, ನೇರ ಕಾರಿಗೆ. ನಡುಕ ನಿಂತು ಮಂಕಾದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಎಲ್ಲಿದ್ದರೂ ಮಧ್ಯಾಹ್ನ ಎರಡಕ್ಕೆ ಹಿಂತಿರುಗಿಬಿಡಿ. ಕಾರಿಗೆ ಬಂದ ಮೇಲೆ ಮೊದಲು ಕಾಲುಚೀಲ ಬದಲಿಸಿ, ಆಮೇಲೆ ಮಿಕ್ಕದ್ದು. ರಾತ್ರಿ ಬೂಟಿನ ಒಳಹಾಳೆ ಹೊರಗೆ ತೆಗೆದು, ಒಳಗೆ ನ್ಯೂಸ್‌ಪೇಪರ್ ತುರುಕಿಡಿ. ಹೀಟರಿನ ಮೇಲಿಟ್ಟರೆ ತಳದ ಅಂಟು ಬಿಡುತ್ತದೆ.